ಪರದೆಯ ಮೂಲೆಯಲ್ಲಿ ನಿಂತವರು

'ಕಾಸಾಬ್ಲಾಂಕಾ' ನೋಡಿದವರು ಕೈ ಎತ್ತಿ ಅಂದೆ. ಅರ್ಧ ಸಭೆಗಿಂತ ಜಾಸ್ತಿ ಕೈಗಳು ಎದ್ದವು. ಒಳ್ಳೆಯದು, ನನ್ನ ಕೆಲಸ ಸುಲಭವಾಯಿತು. ಹಾಗಾದರೆ ಇನ್ನೊಂದು ಪ್ರಶ್ನೆ. ಅದರಲ್ಲಿ ಪೊಲೀಸ್ ಅಧಿಕಾರಿ ಕ್ಯಾಪ್ಟನ್ ರೆನೋ ಬಂದು ರಿಕ್‌ನ ಕೆಫೆ ಮುಚ್ಚಿಸುತ್ತಾನಲ್ಲ, ಆ ದೃಶ್ಯ ನೆನಪು ಮಾಡಿಕೊಳ್ಳಿ. ಯಾಕೆ ಮುಚ್ಚಿಸ್ತೀಯ ಅಂದರೆ, ಇಲ್ಲಿ ಜೂಜು ನಡೀತಿದೆ ಅಂತ ತಿಳಿದು ನನಗೆ ಆಘಾತವಾಗಿದೆ ಅನ್ನುತ್ತಾನೆ. ಬಾಯಿ ಮುಚ್ಚುವಷ್ಟರಲ್ಲಿ ಒಬ್ಬ ಬಂದು, 'ಸಾರ್, ನೀವು ಗೆದ್ದ ದುಡ್ಡು' ಅಂತ ನೋಟು ಕೊಡುತ್ತಾನೆ. ರೆನೋ ಥ್ಯಾಂಕ್ಸ್ ಹೇಳಿ ಈಸಿಕೊಳ್ಳುತ್ತಾನೆ. ಚಿತ್ರ ಬಂದು ಎಂಬತ್ತು ವರ್ಷ ದಾಟಿತು, ಜನ ಇವತ್ತೂ ಅಲ್ಲಿ ನಗುತ್ತಾರೆ. ಈಗ ಹೇಳಿ, ಆ ದುಡ್ಡು ತಂದುಕೊಟ್ಟವನು ಯಾರು?

ಈ ಸಲ ಒಂದು ಕೈಯೂ ಏಳಲಿಲ್ಲ. ಏಳಲ್ಲ ಅಂತ ಗೊತ್ತಿದ್ದೇ ಕೇಳಿದ್ದು.

ಅವನ ಹೆಸರು ಮಾರ್ಸೆಲ್ ಡಾಲಿಯೊ. ಫ್ರಾನ್ಸ್‌ನಲ್ಲಿ ಅವನು ದೊಡ್ಡ ನಟ. ಜಾನ್ ರೆನ್ವಾರ್ ನಿರ್ದೇಶಿಸಿದ 'ಗ್ರ್ಯಾಂಡ್ ಇಲ್ಯೂಷನ್' 1937ರಲ್ಲಿ ಬಂತು. 'ದಿ ರೂಲ್ಸ್ ಆಫ್ ದಿ ಗೇಮ್' 1939ರಲ್ಲಿ ಬಂತು. ಎರಡರಲ್ಲೂ ಅವನದು ಮುಖ್ಯ ಪಾತ್ರ. ಎರಡನೆಯದರಲ್ಲಿ ಅವನೊಬ್ಬ ಶ್ರೀಮಂತ. ಕೀಲಿ ಕೊಟ್ಟರೆ ಹಾಡುವ ಗೊಂಬೆ, ಯಂತ್ರವಾದ್ಯ, ಇಂಥವನ್ನು ಕೂಡಿಡುವ ಹುಚ್ಚು. ತನ್ನ ಹೊಸ ದೊಡ್ಡ ವಾದ್ಯವನ್ನು ಅತಿಥಿಗಳಿಗೆ ತೋರಿಸುವಾಗ ಅವನ ಮುಖ ನೋಡಬೇಕು. ಹೆಮ್ಮೆಯೂ ಇದೆ, ನಾಚಿಕೆಯೂ ಇದೆ. ಬಹುಮಾನ ತೋರಿಸಲು ಬಂದ ಸ್ಕೂಲ್ ಹುಡುಗನ ಹಾಗೆ ನಿಂತಿರುತ್ತಾನೆ.

ಡಾಲಿಯೊ ಯಹೂದಿ. 1940ರ ಜೂನ್‌ನಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್‌ಗೆ ಬರುವ ಹೊತ್ತಿಗೆ ಅವನೂ ಅವನ ಹೆಂಡತಿ ಮದ್ಲೇನ್ ಲೆಬೋ ಊರು ಬಿಟ್ಟರು. ಲಿಸ್ಬನ್‌ಗೆ ಹೋಗಿ ಹಡಗು ಹತ್ತಿದರು. ಕೈಯಲ್ಲಿದ್ದದ್ದು ಚಿಲಿ ದೇಶದ ವೀಸಾ. ಮೆಕ್ಸಿಕೊ ತಲುಪಿದಾಗ ಗೊತ್ತಾಯಿತು, ಅದು ಖೋಟಾ. ಕೊನೆಗೆ ಕೆನಡಾದ ತಾತ್ಕಾಲಿಕ ಪಾಸ್‌ಪೋರ್ಟ್ ಸಿಕ್ಕಿ ಅಮೆರಿಕಕ್ಕೆ ಬಂದರು. ಅತ್ತ ನಾಜಿಗಳು ಅವನ ಫೋಟೋವನ್ನೇ ಪೋಸ್ಟರ್ ಮಾಡಿ ಅಂಟಿಸಿದ್ದರು. ಯಹೂದಿಯ ಮುಖ ಹೀಗಿರುತ್ತೆ, ಗುರುತಿಟ್ಟುಕೊಳ್ಳಿ ಅಂತ.

ಅಂಥವನಿಗೆ ಹಾಲಿವುಡ್ ಕೊಟ್ಟದ್ದೇನು? ಜೂಜಿನ ಚಕ್ರ ತಿರುಗಿಸುವ ಕೆಲಸ. ಒಂದೆರಡು ಮಾತು. ಟೈಟಲ್‌ನಲ್ಲಿ ಹೆಸರು ಸಹ ಇಲ್ಲ.

ಈ ಹಳೆಯ ಹಾಲಿವುಡ್ ಚಿತ್ರಗಳನ್ನು ಮೂವತ್ತು ವರ್ಷದಿಂದ ನೋಡಿಕೊಂಡು ಬಂದಿದ್ದೇನೆ. ಓದಿ ಕಲಿತದ್ದು ಕಡಿಮೆ, ನೋಡಿ ಕೆಟ್ಟದ್ದು ಜಾಸ್ತಿ. ನನ್ನ ಚಟ ಒಂದೇ. ಹೀರೋ ಮಾತಾಡುವಾಗ ಅವನ ಹಿಂದೆ ನಿಂತವನನ್ನು ನೋಡುವುದು.

ಈ ಚಟ ಹತ್ತಿದ್ದಕ್ಕೆ ಕಾರಣ ದೊಡ್ಡದೇನಲ್ಲ. 1995ರಲ್ಲಿ ನಮ್ಮ ಕೇಬಲ್ಲಿಗೆ ಕಾರ್ಟೂನ್ ನೆಟ್‌ವರ್ಕ್ ಬಂತು. ನಿಮ್ಮಲ್ಲಿ ನಲವತ್ತು ದಾಟಿದವರಿಗೆ ನೆನಪಿರಬೇಕು. ಹಗಲೆಲ್ಲ ಟಾಮ್ ಅಂಡ್ ಜೆರ್ರಿ. ಒಂದು ಹೊತ್ತಾದ ಮೇಲೆ ಅದೇ ಚಾನೆಲ್ ಹಳೆಯ ಸಿನಿಮಾ ತೋರಿಸುವ ಟಿಎನ್‌ಟಿ ಆಗಿಬಿಡುತ್ತಿತ್ತು. ಮಕ್ಕಳು ಅಳುತ್ತಾ ಏಳುತ್ತಿದ್ದರು, ನಾನು ಹೋಗಿ ಕೂರುತ್ತಿದ್ದೆ. ಇಷ್ಟೊಂದು ಹಳೆಯ ಸಿನಿಮಾ ಆ ಚಾನೆಲ್ಲಿಗೆ ಎಲ್ಲಿಂದ ಬಂತು ಅಂತ ಆಗ ಗೊತ್ತಿರಲಿಲ್ಲ. ಅದರ ಮಾಲೀಕ ಟೆಡ್ ಟರ್ನರ್ 1986ರಲ್ಲಿ ಎಂಜಿಎಂ ಸ್ಟುಡಿಯೋದ ಹಳೆಯ ಚಿತ್ರಗಳನ್ನೆಲ್ಲ ಕೊಂಡಿದ್ದ. ವಾರ್ನರ್ ಬ್ರದರ್ಸ್‌ನ 1950ಕ್ಕಿಂತ ಹಿಂದಿನವೂ ಅದರ ಜೊತೆಗೆ ಬಂದಿದ್ದವು. ಕೊಂಡವನು ಸುಮ್ನೆ ಇರಲಿಲ್ಲ, ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಬಳಿಸಿದ. 'ಕಾಸಾಬ್ಲಾಂಕಾ'ಗೂ ಬಳಿಸಿದ. ಅದನ್ನು ನಾನು ಹತ್ತು ನಿಮಿಷ ನೋಡಿ ಎದ್ದೆ. ಹಳೇ ದೇವಸ್ಥಾನಕ್ಕೆ ಆಯಿಲ್ ಪೇಂಟ್ ಹೊಡೆದ ಹಾಗಿತ್ತು.

ಆಗ ಸಬ್‌ಟೈಟಲ್ ಇರಲಿಲ್ಲ. ನಮ್ಮ ಮನೆಯಲ್ಲಿ ಒಂದೇ ಕೋಣೆಯಲ್ಲಿ ಟಿವಿಯೂ ಅಮ್ಮನ ಹಾಸಿಗೆಯೂ. ಸೌಂಡ್ ಕಮ್ಮಿ ಇಡಬೇಕು. ಮೊದಲೇ ಅವರ ಇಂಗ್ಲಿಷ್ ನನಗೆ ಅರ್ಧ ಹಿಡಿಯುತ್ತಿರಲಿಲ್ಲ. ಹಾಗಾಗಿ ಮುಖ ನೋಡುವುದನ್ನು ಕಲಿತೆ. ಒಂದು ಲಾಂಗ್ ನೋಟ್‌ಬುಕ್ ಇಟ್ಟಿದ್ದೆ. ಹೆಸರು ಗೊತ್ತಿಲ್ಲದವರನ್ನು ಗುರುತಿನ ಮೇಲೆ ಬರೆಯುತ್ತಿದ್ದೆ. 'ಕೆನ್ನೆ ಜೋತುಬಿದ್ದ ವೇಟರ್', 'ಹಲ್ಲಿಲ್ಲದ ಮುದುಕ', 'ಹಾಲಿನವಳ ಹಾಗೆ ಗದರುವ ನರ್ಸ್'. ಒಬ್ಬೊಬ್ಬರ ಹೆಸರು ಸಿಗುವುದಕ್ಕೂ ವರ್ಷಗಟ್ಟಲೆ ಹಿಡಿಯಿತು. ಆ ಹಲ್ಲಿಲ್ಲದ ಮುದುಕನ ಮುಂದೆ ಕೊನೆಗೆ ಹೆಸರು ಬರೆದ ದಿನ ನನಗೆ ಪ್ರಮೋಷನ್ ಸಿಕ್ಕಷ್ಟು ಖುಷಿ.

ಕೆನ್ನೆ ಜೋತುಬಿದ್ದ ವೇಟರ್ ಅಂದೆನಲ್ಲ, ಅವನು ಎಸ್. ಝಡ್. ಸಕಾಲ್. ಹಂಗೇರಿಯವನು. 'ಕಾಸಾಬ್ಲಾಂಕಾ'ದಲ್ಲಿ ಕಾರ್ಲ್ ಅನ್ನುವ ವೇಟರ್. ಒಂದು ದೃಶ್ಯದಲ್ಲಿ ಅಮೆರಿಕಕ್ಕೆ ಹೊರಟ ವಯಸ್ಸಾದ ದಂಪತಿ ಅವನ ಮುಂದೆ ತಮ್ಮ ಇಂಗ್ಲಿಷ್ ತೋರಿಸುತ್ತಾರೆ. ಗಂಟೆ ಎಷ್ಟು ಅಂತ ಕೇಳುವುದಕ್ಕೆ ಗಡಿಯಾರ ಎಷ್ಟು ಅಂತ ಕೇಳುತ್ತಾರೆ. ಸಕಾಲ್ ತಲೆಯಾಡಿಸಿ, ಅಮೆರಿಕದಲ್ಲಿ ನಿಮಗೆ ಏನೂ ತೊಂದರೆ ಆಗಲ್ಲ ಅನ್ನುತ್ತಾನೆ. ಅವನ ಮುಖದಲ್ಲಿ ಅಣಕದ ಸುಳಿವೇ ಇಲ್ಲ. ಅವನ ಅಕ್ಕತಂಗಿಯರಲ್ಲಿ ಮೂವರು ನಾಜಿ ಕ್ಯಾಂಪಿನಲ್ಲಿ ಸತ್ತರು. ಅದು ತಿಳಿದ ಮೇಲೆ ಆ ದೃಶ್ಯ ನೋಡಿದರೆ ನಗು ಬರುತ್ತೆ, ಗಂಟಲಲ್ಲೇ ನಿಲ್ಲುತ್ತೆ.

ಈ ಚಿತ್ರದ ಟೈಟಲ್‌ನಲ್ಲಿ ಹೆಸರಿರುವ ನಟರಲ್ಲಿ ಅಮೆರಿಕದಲ್ಲಿ ಹುಟ್ಟಿದವರು ಮೂರೇ ಜನ. ರಿಕ್ ಆದ ಹಂಫ್ರಿ ಬೋಗಾರ್ಟ್, ಪಿಯಾನೊ ನುಡಿಸುವ ಸ್ಯಾಮ್ ಆದ ಡೂಲಿ ವಿಲ್ಸನ್, ಮತ್ತೆ ಜಾಯ್ ಪೇಜ್ ಅನ್ನುವ ಹುಡುಗಿ. ನುಡಿಸುವ ಅಂದೆ, ತಿದ್ದಿಕೊಳ್ಳುತ್ತೇನೆ. ಡೂಲಿ ವಿಲ್ಸನ್ ಡ್ರಮ್ ಬಾರಿಸುವವನು, ಪಿಯಾನೊ ಬರುತ್ತಿರಲಿಲ್ಲ. ಕೈ ಆಡಿಸಿದ್ದು ಅವನು, ನುಡಿಸಿದ್ದು ಬೇರೆಯವರು. 'ಪ್ಲೇ ಇಟ್ ಅಗೇನ್, ಸ್ಯಾಮ್' ಅಂತ ಯಾರೂ ಆ ಚಿತ್ರದಲ್ಲಿ ಹೇಳುವುದಿಲ್ಲ, ಅದು ನಿಮಗೆ ಗೊತ್ತೇ ಇರುತ್ತೆ.

ಉಳಿದವರಲ್ಲಿ ಹಲವರು ಎಲ್ಲೆಲ್ಲಿಂದಲೋ ಓಡಿ ಬಂದವರು. ಜೂಜಿನ ಮೇಜಿನಲ್ಲಿ ದುಡ್ಡು ಕಳೆದುಕೊಂಡು ಕೂತ ಬಲ್ಗೇರಿಯಾದ ಹುಡುಗ ಇದ್ದಾನಲ್ಲ, ಅವನು ಹೆಲ್ಮುಟ್ ಡಾಂಟೀನ್. ಆಸ್ಟ್ರಿಯಾದವನು. ನಾಜಿಗಳು ಅವನನ್ನು ಹಿಡಿದು ಕ್ಯಾಂಪಿನಲ್ಲಿ ಇಟ್ಟಿದ್ದರು. ರಿಕ್ ಅವನ ಕಿವಿಯ ಹತ್ತಿರ ಬಂದು 22ಕ್ಕೆ ಹಾಕು ಅನ್ನುತ್ತಾನೆ. ಆಮೇಲೆ ಚಕ್ರ ತಿರುಗಿಸುವವನ ಕಡೆಗೆ ಒಂದು ನೋಟ. 22 ಬರುತ್ತೆ. ಅಲ್ಲೇ ಬಿಡು ಅನ್ನುತ್ತಾನೆ. ಮತ್ತೆ 22. ಚಕ್ರದ ಹಿಂದೆ ನಿಂತಿರುವುದು ನಮ್ಮ ಡಾಲಿಯೊ. ಸಿನಿಮಾದಲ್ಲಿ ಆ ಹುಡುಗನಿಗೆ ಗೆದ್ದ ದುಡ್ಡಿನಿಂದ ವೀಸಾ ಸಿಗುತ್ತೆ. ವೀಸಾಗಾಗಿ ನಿಜವಾಗಿ ಅಲೆದವನು ಚಕ್ರ ತಿರುಗಿಸುತ್ತಾನೆ.

ಡಾಲಿಯೊನ ಹೆಂಡತಿಯ ವಿಷಯಕ್ಕೆ ಬರುತ್ತೇನೆ. ಮದ್ಲೇನ್ ಲೆಬೋ ಇದರಲ್ಲಿ ಇವಾನ್. ರಿಕ್ ಕೈಬಿಟ್ಟ ಹುಡುಗಿ. ಹಟಕ್ಕೆ ಒಬ್ಬ ಜರ್ಮನ್ ಅಧಿಕಾರಿಯ ತೋಳು ಹಿಡಿದು ಕೆಫೆಗೆ ಬರುತ್ತಾಳೆ. ಆಮೇಲೆ ಆ ಹಾಡಿನ ದೃಶ್ಯ. ಜರ್ಮನರು ಪಿಯಾನೊ ಸುತ್ತ ನಿಂತು ತಮ್ಮ ಹಾಡು ಹಾಡುತ್ತಿರುತ್ತಾರೆ. ನಾಜಿಗಳ ವಿರುದ್ಧ ಹೋರಾಡುವ ಲಾಸ್ಲೊ ಇಳಿದು ಬಂದು ವಾದ್ಯದವರಿಗೆ 'ಮಾರ್ಸೆಯೇಸ್' ನುಡಿಸಿ ಅನ್ನುತ್ತಾನೆ. ಅದು ಫ್ರಾನ್ಸ್‌ನ ರಾಷ್ಟ್ರಗೀತೆ. ಅವರು ರಿಕ್ ಮುಖ ನೋಡುತ್ತಾರೆ. ರಿಕ್ ತಲೆಯಾಡಿಸುತ್ತಾನೆ, ಅಷ್ಟೇ. ಇಡೀ ಕೆಫೆ ಎದ್ದು ನಿಲ್ಲುತ್ತೆ.

ಸಾಮಾನ್ಯವಾಗಿ ಜನ ಲಾಸ್ಲೊ ಮುಖ ನೋಡುತ್ತಾರೆ, ಇಲ್ಲಾಂದರೆ ಇಂಗ್ರಿಡ್ ಬರ್ಗ್‌ಮನ್ ಮುಖ. ನೀವು ಲೆಬೋ ಮುಖ ನೋಡಿ. ಕ್ಯಾಮೆರಾ ಅವಳ ಹತ್ತಿರ ಹೋಗುವ ಹೊತ್ತಿಗೆ ಕೆನ್ನೆ ಒದ್ದೆಯಾಗಿದೆ. ಹಾಡುತ್ತಿದ್ದಾಳೆ, ತುಟಿ ನಡುಗುತ್ತಿದೆ. ಈ ಚಿತ್ರೀಕರಣ ನಡೆದದ್ದು 1942ರ ಬೇಸಿಗೆಯಲ್ಲಿ. ಪ್ಯಾರಿಸ್ ಆಗಲೂ ಜರ್ಮನರ ಕೈಯಲ್ಲೇ ಇತ್ತು. ಅವಳು ಊರು ಬಿಟ್ಟು ಎರಡು ವರ್ಷ. ವಯಸ್ಸು ಇನ್ನೂ ಇಪ್ಪತ್ತರ ಆಸುಪಾಸು. ಆ ಅಳುವಿನಲ್ಲಿ ಎಷ್ಟು ನಟನೆ, ಎಷ್ಟು ನಿಜ ಅಂತ ನಾನು ಹೇಗೆ ಹೇಳಲಿ? ಚಿತ್ರದ ಟೈಟಲ್‌ನಲ್ಲಿದ್ದವರ ಪೈಕಿ ಕೊನೆಗೆ ಬದುಕಿದ್ದವಳು ಅವಳೇ. 2016ರಲ್ಲಿ ತೀರಿಕೊಂಡಳು. ಬೋಗಾರ್ಟ್‌ನಷ್ಟು ಪುಸ್ತಕ ಅವಳ ಮೇಲೆ ಯಾರೂ ಬರೆದಿಲ್ಲ.

ಬೋಗಾರ್ಟ್ ಅಂದರೆ ನನಗೆ ಹೊಟ್ಟೆಉರಿ ಅಂದುಕೊಳ್ಳಬೇಡಿ. ಆದರೆ ಈ ಚಿತ್ರವನ್ನು ಹೊತ್ತು ನಿಂತಿರುವುದು ರೆನೋ ಆಗಿರುವ ಕ್ಲಾಡ್ ರೇನ್ಸ್ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ತಗುಲಿ ಅವನ ಒಂದು ಕಣ್ಣಿನ ದೃಷ್ಟಿ ಬಹುಪಾಲು ಹೋಗಿತ್ತು. ಲಂಡನ್ನಿನಲ್ಲಿ ನಟನೆ ಹೇಳಿಕೊಡುತ್ತಿದ್ದಾಗ ಜಾನ್ ಗೀಲ್ಗುಡ್ ಅವನ ಶಿಷ್ಯ. ಹಾಲಿವುಡ್‌ನಲ್ಲಿ ಸಿಕ್ಕ ಮೊದಲ ದೊಡ್ಡ ಪಾತ್ರ 1933ರ 'ದಿ ಇನ್‌ವಿಸಿಬಲ್ ಮ್ಯಾನ್'. ಚಿತ್ರ ಪೂರ್ತಿ ಬ್ಯಾಂಡೇಜು, ಇಲ್ಲಾಂದರೆ ಏನೂ ಇಲ್ಲ. ಮುಖ ಕಾಣುವುದು ಕೊನೆಯ ಕೆಲವು ಕ್ಷಣ. ಬರೀ ದನಿಯಿಂದ ಹೆಸರು ಮಾಡಿದ. ನಾಲ್ಕು ಸಲ ಆಸ್ಕರ್‌ಗೆ ಹೆಸರು ಹೋಯಿತು, ಒಂದು ಸಲವೂ ಬರಲಿಲ್ಲ.

ಇಷ್ಟೊಂದು ಒಳ್ಳೆಯ ನಟರು ಸಣ್ಣ ಪಾತ್ರಕ್ಕೆ ಹೇಗೆ ಸಿಗುತ್ತಿದ್ದರು ಅಂತ ನಿಮಗೆ ಅನ್ನಿಸಬಹುದು. ಅದರ ಲೆಕ್ಕ ಸರಳ. ಆಗಿನ ಸ್ಟುಡಿಯೋ ಅಂದರೆ ಕಾರ್ಖಾನೆ. ನಟರು ಸಂಬಳದ ನೌಕರರು. ಏಳು ವರ್ಷದ ಕಾಂಟ್ರಾಕ್ಟ್, ವಾರದ ಸಂಬಳ. ಸೋಮವಾರ ಕೌಬಾಯ್ ಚಿತ್ರದಲ್ಲಿ ಅಂಗಡಿಯವನಾದವನು ಗುರುವಾರ ಪಕ್ಕದ ಸೆಟ್‌ನಲ್ಲಿ ಡಾಕ್ಟರ್ ಆಗುತ್ತಿದ್ದ. ಸಂಬಳ ಹೇಗೂ ಕೊಡಬೇಕು, ಸುಮ್ನೆ ಕೂರಿಸುವುದು ಯಾಕೆ? ಹೀಗೆ ವರ್ಷಕ್ಕೆ ಹತ್ತು ಹದಿನೈದು ಚಿತ್ರ ಮಾಡಿ ಮಾಡಿ ಅವರ ಕೈ ಪಳಗಿತು. ನಮ್ಮ ಬಾಲಕೃಷ್ಣ ಒಂದು ಬಾಗಿಲಿನಿಂದ ಒಳಗೆ ಬಂದರೆ ಸಾಕು, ಪಾತ್ರ ಯಾರು ಏನು ಅಂತ ಗೊತ್ತಾಗುತ್ತಿತ್ತಲ್ಲ, ಆ ಥರ.

ಈ ಪದ್ಧತಿಯನ್ನು ಹೊಗಳುತ್ತಿದ್ದೇನೆ ಅಂತಲ್ಲ. ಕೊಟ್ಟ ಪಾತ್ರ ಬೇಡ ಅಂದರೆ ಸಂಬಳವಿಲ್ಲದೆ ಸಸ್ಪೆಂಡ್. ಸಸ್ಪೆಂಡ್ ಆದ ದಿನಗಳನ್ನು ಕಾಂಟ್ರಾಕ್ಟಿನ ಬಾಲಕ್ಕೆ ಜೋಡಿಸುತ್ತಿದ್ದರು. ಏಳು ವರ್ಷ ಮುಗಿಯುವುದೇ ಇಲ್ಲ! ಒಲಿವಿಯಾ ಡಿ ಹ್ಯಾವಿಲೆಂಡ್ ಕೋರ್ಟಿಗೆ ಹೋಗಿ ವಾರ್ನರ್ ಬ್ರದರ್ಸ್ ವಿರುದ್ಧ ಗೆದ್ದಳು. ಏಳು ಅಂದರೆ ಕ್ಯಾಲೆಂಡರಿನ ಏಳೇ ವರ್ಷ ಅಂತ ತೀರ್ಪಾಯಿತು. ಆ ತೀರ್ಪಿಗೆ ಇಂದಿಗೂ ಅವಳದೇ ಹೆಸರು. 1948ರಲ್ಲಿ ಸುಪ್ರೀಂ ಕೋರ್ಟ್ ಸ್ಟುಡಿಯೋಗಳಿಗೂ ಥಿಯೇಟರುಗಳಿಗೂ ಇದ್ದ ಗಂಟು ಬಿಚ್ಚಿತು. ಕಾರ್ಖಾನೆ ನಿಧಾನವಾಗಿ ಮುಚ್ಚಿತು.

ಹಲ್ಲಿಲ್ಲದ ಮುದುಕನ ಕಥೆ ಹೇಳದೆ ಮುಂದೆ ಹೋಗಲಾರೆ. ವಾಲ್ಟರ್ ಬ್ರೆನನ್. ಎಕ್ಸ್‌ಟ್ರಾ ಆಗಿ ಶುರು ಮಾಡಿದವನು. ಗುಂಪಿನಲ್ಲಿ ನಿಲ್ಲುವ ಕೆಲಸ. ಮುಂದಿನ ಹಲ್ಲು ಹೋಗಿದ್ದವು, ಕಟ್ಟಿಸಿಕೊಂಡಿದ್ದ. ನಿರ್ದೇಶಕ ಹಾವರ್ಡ್ ಹಾಕ್ಸ್ ಒಂದು ಕಥೆ ಹೇಳುತ್ತಿದ್ದ. ಪಾತ್ರ ಕೇಳಲು ಬಂದ ಬ್ರೆನನ್, 'ಇಟ್ಟುಕೊಂಡು ಮಾಡಲೋ, ತೆಗೆದು ಮಾಡಲೋ?' ಅಂದನಂತೆ. ಏನನ್ನು ಅಂತ ಹಾಕ್ಸ್ ಕೇಳಿದರೆ, 'ಹಲ್ಲು.' ಪಾತ್ರ ಅಲ್ಲೇ ಸಿಕ್ಕಿತು. ಹಾಕ್ಸ್ ಕಥೆ ಕಟ್ಟುವುದರಲ್ಲಿ ಗಟ್ಟಿಗ, ಸ್ವಲ್ಪ ಉಪ್ಪು ಹಾಕಿಕೊಂಡೇ ಕೇಳಬೇಕು ಅನ್ನಿ. ಆದರೆ 'ರಿಯೋ ಬ್ರಾವೋ' ನೋಡಿದರೆ ನಂಬಿಕೆ ಬರುತ್ತೆ. ಅದರಲ್ಲಿ ಅವನು ಕುಂಟುವ ಜೈಲು ಕಾವಲುಗಾರ. ಜಾನ್ ವೇಯ್ನ್ ಅಷ್ಟೆತ್ತರ ನಿಂತಿದ್ದರೂ ಕಣ್ಣು ಹೋಗುವುದು ಕಿಟಕಿಯ ಹತ್ತಿರ ಗೊಣಗುತ್ತಾ ಕೂತ ಇವನ ಕಡೆಗೆ.

ಪೋಷಕ ನಟರಿಗೆ ಆಸ್ಕರ್ ಶುರುವಾದದ್ದು 1936ರ ಚಿತ್ರಗಳಿಂದ. ಮೊದಲನೆಯದೇ ಬ್ರೆನನ್‌ಗೆ. 1938, 1940ರ ಚಿತ್ರಗಳಿಗೂ ಅವನಿಗೇ. ಐದು ವರ್ಷದಲ್ಲಿ ಮೂರು. ಆಗ ಎಕ್ಸ್‌ಟ್ರಾಗಳಿಗೂ ವೋಟು ಹಾಕುವ ಹಕ್ಕಿತ್ತು, ತಮ್ಮಲ್ಲೇ ಒಬ್ಬ ಅಂತ ಅವರೆಲ್ಲ ಇವನಿಗೆ ಹಾಕಿದರು ಅನ್ನುವ ಮಾತಿದೆ. ಹಾಕಿದ್ದರೆ ತಪ್ಪೇನು? ಇನ್ನೊಂದು ವಿಷಯ. ಆಗ ಹೀರೋಗಳಿಗೆ ಬಂಗಾರದ ಬಣ್ಣದ ಗೊಂಬೆ, ಪೋಷಕ ನಟರಿಗೆ ಗೋಡೆಗೆ ಹಾಕುವ ಫಲಕ. ಅವರಿಗೂ ಪೂರ್ತಿ ಗೊಂಬೆ ಸಿಕ್ಕಲು 1943ರ ಚಿತ್ರಗಳವರೆಗೂ ಕಾಯಬೇಕಾಯಿತು.

ಅಂಥದೇ ಫಲಕ ಪಡೆದವಳು ಹ್ಯಾಟಿ ಮ್ಯಾಕ್‌ಡೇನಿಯಲ್. 'ಗಾನ್ ವಿತ್ ದಿ ವಿಂಡ್' ನನಗೆ ಹಿಡಿಸದ ಚಿತ್ರ. ಗುಲಾಮಗಿರಿಯ ಕಾಲವನ್ನು ಮದುವೆ ಮನೆಯ ಹಾಗೆ ತೋರಿಸುತ್ತೆ. ಆದರೂ ಒಂದು ದೃಶ್ಯಕ್ಕೆ ನಾನು ವಾಪಸ್ ಹೋಗುತ್ತೇನೆ. ಮನೆಯಲ್ಲಿ ಮಗು ಸತ್ತಿದೆ. ಮಗುವಿನ ಅಪ್ಪ ಹುಚ್ಚನ ಹಾಗೆ ಹೆಣ ಬಿಟ್ಟುಕೊಡದೆ ಕೂತಿದ್ದಾನೆ. ಅದನ್ನು ನಾವು ನೋಡುವುದಿಲ್ಲ. ಮ್ಯಾಮಿ ಆಗಿರುವ ಹ್ಯಾಟಿ, ಮೆಲನಿಯನ್ನು ಕರೆದುಕೊಂಡು ಮೆಟ್ಟಿಲು ಹತ್ತುತ್ತಾ ಹೇಳುತ್ತಾಳೆ. ದೊಡ್ಡ ಮೆಟ್ಟಿಲಸಾಲು. ಒಂದು ಕೈಯಲ್ಲಿ ಲಂಗ ಎತ್ತಿ ಹಿಡಿದು, ಏದುಸಿರು ಬಿಡುತ್ತಾ, ಅಳುತ್ತಾ, ಹತ್ತುತ್ತಾ ಹೇಳುತ್ತಾಳೆ. ನಾಲ್ಕು ಗಂಟೆ ಹತ್ತಿರದ ಆ ಚಿತ್ರದಲ್ಲಿ ನನಗೆ ನಿಜ ಅನ್ನಿಸುವ ದುಃಖ ಅದೊಂದೇ. ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಾ ಹತ್ತುವವಳು ಆಗ ಹೇಳಿದ ಒಲಿವಿಯಾ ಡಿ ಹ್ಯಾವಿಲೆಂಡ್.

1939ರ ಡಿಸೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಮೊದಲ ಪ್ರದರ್ಶನ. ಕರಿಯರು ಅಂತ ಹ್ಯಾಟಿಗೆ ಅಲ್ಲಿಗೆ ಪ್ರವೇಶವಿಲ್ಲ. 1940ರ ಫೆಬ್ರವರಿ 29ರಂದು ಲಾಸ್ ಏಂಜಲಿಸ್‌ನ ಅಂಬಾಸಡರ್ ಹೋಟೆಲಿನಲ್ಲಿ ಆಸ್ಕರ್ ಸಮಾರಂಭ. ಗೋಡೆ ಪಕ್ಕದ ಬೇರೆ ಮೇಜಿನಲ್ಲಿ ಕೂರಿಸಿದರು. ಅಲ್ಲಿಂದ ಎದ್ದು ಹೋಗಿ, ಆಸ್ಕರ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಆದಳು. ಆ ಫಲಕವನ್ನು ಹಾವರ್ಡ್ ವಿಶ್ವವಿದ್ಯಾಲಯಕ್ಕೆ ಬರೆದಿಟ್ಟಿದ್ದಳು. ಅದು ಎಲ್ಲೋ ಕಳೆದುಹೋಯಿತು. ಅಕಾಡೆಮಿಯವರು ಬದಲಿ ಫಲಕ ಕೊಟ್ಟದ್ದು 2023ರಲ್ಲಿ.

ಈಗ ನನ್ನ ಮೆಚ್ಚಿನ ಹೆಂಗಸು. ಥೆಲ್ಮಾ ರಿಟರ್. 'ರಿಯರ್ ವಿಂಡೋ'ದಲ್ಲಿ ಕಾಲು ಮುರಿದುಕೊಂಡು ಕೂತ ಜೇಮ್ಸ್ ಸ್ಟೂವರ್ಟ್‌ಗೆ ಮಾಲೀಶು ಮಾಡುತ್ತಾ ಬೈಯುವ ನರ್ಸ್. ಸಿನಿಮಾಕ್ಕೆ ಬಂದಾಗ ನಲವತ್ತು ದಾಟಿತ್ತು. 1947ರ 'ಮಿರಕಲ್ ಆನ್ 34ತ್ ಸ್ಟ್ರೀಟ್'ನಲ್ಲಿ ಒಂದೇ ಒಂದು ಸಣ್ಣ ಪಾತ್ರ. ಮಗನಿಗೆ ಆಟದ ಸಾಮಾನು ಹುಡುಕಿ ಕಾಲು ಸೋತ ತಾಯಿ, ಟೈಟಲ್‌ನಲ್ಲಿ ಹೆಸರಿಲ್ಲ. ಸ್ಟುಡಿಯೋ ಮುಖ್ಯಸ್ಥ ಝಾನುಕ್ ಅದನ್ನು ನೋಡಿ, ಈಕೆಗೆ ಇನ್ನೊಂದಷ್ಟು ಮಾತು ಬರೆಯಿರಿ ಅಂದ. ಆಮೇಲೆ ಆರು ಸಲ ಪೋಷಕ ನಟಿಯಾಗಿ ಆಸ್ಕರ್‌ಗೆ ಹೆಸರು ಹೋಯಿತು. ಆರೂ ಸಲ ಬರಿಗೈ.

ಆಕೆಯ ಯಾವ ಚಿತ್ರ ನೋಡಲಿ ಅಂತ ಕೇಳಿದರೆ 1953ರ 'ಪಿಕಪ್ ಆನ್ ಸೌತ್ ಸ್ಟ್ರೀಟ್' ಅನ್ನುತ್ತೇನೆ. ಸ್ಯಾಮ್ಯುಯೆಲ್ ಫುಲ್ಲರ್ ನಿರ್ದೇಶನ. ಆಕೆ ಮೋ. ಬೀದಿ ಸುತ್ತಿ ಟೈ ಮಾರುತ್ತಾಳೆ. ಹೊಟ್ಟೆಪಾಡಿಗೆ ಪೊಲೀಸರಿಗೆ ಕಳ್ಳರ ಸುಳಿವೂ ಮಾರುತ್ತಾಳೆ. ಬಂದ ದುಡ್ಡನ್ನೆಲ್ಲ ಕೂಡಿಡುವುದು ತನ್ನ ಹೆಣ ಅನಾಥ ಗುಂಡಿಗೆ ಹೋಗಬಾರದು, ಒಳ್ಳೇ ಸ್ಮಶಾನದಲ್ಲಿ ಜಾಗ ಬೇಕು ಅಂತ. ಒಂದು ರಾತ್ರಿ ಕೊಠಡಿಗೆ ಬರುತ್ತಾಳೆ. ಕಾಲು ನೋವು. ರೆಕಾರ್ಡ್ ಹಾಕಿ ಹಾಸಿಗೆಯ ಮೇಲೆ ಒರಗುತ್ತಾಳೆ. ಆಗ ಕಾಣುತ್ತೆ, ಕೋಣೆಯಲ್ಲಿ ಒಬ್ಬ ಪಿಸ್ತೂಲು ಹಿಡಿದು ಕೂತಿದ್ದಾನೆ. ಅವನಿಗೆ ಒಂದು ವಿಳಾಸ ಬೇಕು. ಈಕೆ ಕೊಡುವುದಿಲ್ಲ. ಜೀವನವಿಡೀ ಸುಳಿವು ಮಾರಿದವಳು ಇದೊಂದನ್ನು ಮಾರುವುದಿಲ್ಲ. ಬೇಡಿಕೊಳ್ಳುವುದೂ ಇಲ್ಲ. ಸುಸ್ತಾಗಿದೆ ಅನ್ನುತ್ತಾಳೆ. ಎಷ್ಟು ಸುಸ್ತು ಅಂದರೆ, ನೀನು ಗುಂಡು ಹಾರಿಸಿದರೆ ಉಪಕಾರವೇ ಆದೀತು ಅನ್ನುತ್ತಾಳೆ. ದನಿ ಏರುವುದಿಲ್ಲ. ಬಸ್ಸಿನಲ್ಲಿ ಪಕ್ಕದವರಿಗೆ ಮಂಡಿನೋವು ಹೇಳಿಕೊಳ್ಳುವ ಹಾಗೆ ಹೇಳುತ್ತಾಳೆ. ಕ್ಯಾಮೆರಾ ಪಕ್ಕಕ್ಕೆ ಸರಿದು ರೆಕಾರ್ಡಿನ ಮೇಲೆ ನಿಲ್ಲುತ್ತೆ. ಗುಂಡಿನ ಸದ್ದು ನಮಗೆ ಕೇಳುತ್ತೆ, ಅಷ್ಟೇ.

ನಾನು ಬ್ಯಾಂಕಿನಲ್ಲಿದ್ದಾಗ ಪಿಂಚಣಿ ತಗೊಳ್ಳಲು ಒಬ್ಬ ಅಜ್ಜಿ ಬರುತ್ತಿದ್ದರು. ಪ್ರತಿ ತಿಂಗಳೂ ಸ್ವಲ್ಪ ದುಡ್ಡು ಬೇರೆ ತೆಗೆದು ಸೆರಗಿನ ಗಂಟಿಗೆ ಕಟ್ಟುತ್ತಿದ್ದರು. ಅದು ಯಾಕಜ್ಜಿ ಅಂದರೆ, 'ನನ್ನ ಎತ್ತೋರಿಗೆ ಕಣಪ್ಪ' ಅನ್ನುತ್ತಿದ್ದರು. ಆ ಚಿತ್ರ ನೋಡಿದ್ದು ಅದಾದ ಎಷ್ಟೋ ವರ್ಷಕ್ಕೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಸರಿ, ಮತ್ತೆ 'ಕಾಸಾಬ್ಲಾಂಕಾ'ಗೆ ಬರುತ್ತೇನೆ, ಯಾಕೆಂದರೆ ಅಲ್ಲಿಂದ ನಮ್ಮ ಮೈಸೂರಿಗೆ ಒಂದು ದಾರಿ ಇದೆ. ಅದರಲ್ಲಿ ನಾಜಿ ಮೇಜರ್ ಸ್ಟ್ರಾಸರ್ ಆದವನು ಕಾನ್ರಾಡ್ ವೈಟ್. ಜರ್ಮನಿಯ ಮೂಕಿಚಿತ್ರಗಳ ದೊಡ್ಡ ಹೆಸರು. 1928ರ 'ದಿ ಮ್ಯಾನ್ ಹೂ ಲಾಫ್ಸ್'ನಲ್ಲಿ ಅವನ ಬಾಯಿ ಸದಾ ನಗುವ ಹಾಗೆ ಸೀಳಿರುತ್ತೆ. ಬ್ಯಾಟ್‌ಮನ್ ಕಥೆಯ ಜೋಕರ್ ಹುಟ್ಟಿದ್ದು ಆ ಮುಖದಿಂದ. ಹೆಂಡತಿ ಯಹೂದಿ. 1933ರಲ್ಲಿ ಜನಾಂಗ ಯಾವುದು ಅಂತ ನಾಜಿಗಳು ಕೊಟ್ಟ ಫಾರಂನಲ್ಲಿ, ತಾನು ಅಲ್ಲದಿದ್ದರೂ 'ಯಹೂದಿ' ಅಂತ ಬರೆದು ದೇಶ ಬಿಟ್ಟ. ಅಂಥವನಿಗೆ ಹಾಲಿವುಡ್ ಕೊಟ್ಟ ಪಾತ್ರ ನಾಜಿಯದು. ಚೆನ್ನಾಗಿಯೇ ಮಾಡಿದ. ಚಿತ್ರ ಬಿಡುಗಡೆಯಾದ ಕೆಲವೇ ತಿಂಗಳಿಗೆ, 1943ರ ಏಪ್ರಿಲ್‌ನಲ್ಲಿ, ಗಾಲ್ಫ್ ಆಡುತ್ತಿರುವಾಗಲೇ ಸತ್ತ.

ಅದಕ್ಕೆ ಸ್ವಲ್ಪ ಮುಂಚೆ, 1940ರಲ್ಲಿ, 'ದಿ ಥೀಫ್ ಆಫ್ ಬಾಗ್ದಾದ್'ನಲ್ಲಿ ವೈಟ್ ಮಂತ್ರವಾದಿ ಜಾಫರ್. ಅವನಿಗೆ ಎದುರು ನಿಂತ ಕಳ್ಳ ಹುಡುಗ ಅಬು ಯಾರು? ಸಾಬು. ಕಾರಾಪುರದ ಸಾಬು. ಎಚ್.ಡಿ. ಕೋಟೆ ಕಡೆಯವರು ಯಾರಾದರೂ ಇದ್ದೀರಾ? ಇಂದು ಕಬಿನಿಗೆ ಪ್ರವಾಸಿಗರು ಬಂದು ಇಳಿಯುವ ಅದೇ ಕಾರಾಪುರ. 1924ರಲ್ಲಿ ಹುಟ್ಟಿದ ಮಾವುತನ ಮಗ. ಅಪ್ಪ ಮಹಾರಾಜರ ಆನೆ ನೋಡಿಕೊಳ್ಳುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಹುಡುಗ ಆನೆ ಲಾಯದಲ್ಲೇ ಬೆಳೆದ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಅನ್ನುವ ಅಮೆರಿಕದ ನಿರ್ದೇಶಕ ಆನೆಯ ಚಿತ್ರ ಮಾಡಲು ಮೈಸೂರಿಗೆ ಬಂದ. ಹಣ ಹಾಕಿದವನು ಲಂಡನ್ನಿನ ಅಲೆಕ್ಸಾಂಡರ್ ಕೊರ್ಡಾ. ಕಥೆ ಕಿಪ್ಲಿಂಗ್‌ನದು. ಆನೆಯ ಪಾತ್ರಕ್ಕೆ ಅರಮನೆಯ ಐರಾವತ. ಹುಡುಗನ ಪಾತ್ರಕ್ಕೆ ಹುಡುಕುವಾಗ ಕ್ಯಾಮೆರಾಮನ್ ಬೊರಡೇಲ್ ಕಣ್ಣಿಗೆ ಬಿದ್ದವನು ಸಾಬು. ಚಿತ್ರದ ಹೊರಾಂಗಣ ಹೆಚ್ಚಿನದೆಲ್ಲ ಇಲ್ಲಿನದು. ಆಮೇಲೆ ಹುಡುಗನನ್ನು ಇಂಗ್ಲೆಂಡಿಗೆ ಕರೆದೊಯ್ದು ಡೆನ್ಹ್ಯಾಂ ಸ್ಟುಡಿಯೋದಲ್ಲಿ ಉಳಿದದ್ದನ್ನು ತೆಗೆದರು. 'ಎಲಿಫೆಂಟ್ ಬಾಯ್' 1937ರಲ್ಲಿ ಬಂತು. ವೆನಿಸ್‌ನಲ್ಲಿ ನಿರ್ದೇಶನದ ಪ್ರಶಸ್ತಿಯೂ ಬಂತು. ಅದರಲ್ಲಿ ಇಲ್ಲಿನ ಕಾಡು ನಿಜ, ಆನೆ ನಿಜ, ಹುಡುಗ ನಿಜ. ಆದರೆ ಮಾಚುವ ಅಪ್ಪ ಅನ್ನುವ ಹಿರಿಯ ಆನೆಗಾರ ಮಾತ್ರ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಇಂಗ್ಲಿಷಿನವನು! ಪಕ್ಕದಲ್ಲಿ ಸಾಬು ನಿಂತಾಗ ಆ ಬಣ್ಣ ಎದ್ದು ಕಾಣುತ್ತೆ, ಪಾಪ.

ಹಾಲಿವುಡ್ ಎಲ್ಲರ ಹೆಸರನ್ನೂ ಬದಲಾಯಿಸುವ ಊರು. ಆರ್ಚಿಬಾಲ್ಡ್ ಲೀಚ್ ಅಲ್ಲಿ ಕೇರಿ ಗ್ರಾಂಟ್ ಆದ. ಫ್ರಾನ್ಸಿಸ್ ಗಮ್ ಜೂಡಿ ಗಾರ್ಲೆಂಡ್ ಆದಳು. ಸಾಬು ಸಾಬುವಾಗಿಯೇ ಉಳಿದ. ಒಂಟಿ ಹೆಸರು, ಮುಂಡಾಸು, ಬರಿಮೈ. ಅದೇ ಅವರಿಗೆ ಬೇಕಿದ್ದದ್ದು. 'ಥೀಫ್ ಆಫ್ ಬಾಗ್ದಾದ್' ಮೂರು ಆಸ್ಕರ್ ಗೆದ್ದಿತು. 1942ರಲ್ಲಿ 'ಜಂಗಲ್ ಬುಕ್'ನಲ್ಲಿ ಅವನೇ ಮೌಗ್ಲಿ. ಆಮೇಲೆ ಯೂನಿವರ್ಸಲ್ ಸ್ಟುಡಿಯೋದ ಬಣ್ಣದ ಚಿತ್ರಗಳು. ಅದರಲ್ಲಿ ಹೀರೋ ಜಾನ್ ಹಾಲ್, ಹೀರೋಯಿನ್ ಮರಿಯಾ ಮಾಂಟೆಝ್. ಸಾಬು ಹೀರೋನ ಗೆಳೆಯ. ಬ್ರೆನನ್, ರಿಟರ್ ಎಲ್ಲ ಮೂಲೆಯಲ್ಲಿ ಶುರು ಮಾಡಿ ಮುಂದಕ್ಕೆ ಬಂದವರು. ಇವನು ನಡುವೆ ನಿಂತವನು, ಮೆಲ್ಲಗೆ ಪಕ್ಕಕ್ಕೆ ಸರಿದ.

1944ರಲ್ಲಿ ಅಮೆರಿಕದ ಪ್ರಜೆಯಾಗಿ ಸೈನ್ಯ ಸೇರಿದ. ಪೆಸಿಫಿಕ್ ಮೇಲೆ ಬಾಂಬರ್ ವಿಮಾನದ ಬಾಲದ ತುದಿಯಲ್ಲಿ ಕೂತು ಮೆಷಿನ್‌ಗನ್ ಹಿಡಿಯುವ ಕೆಲಸ. ಶೌರ್ಯಕ್ಕೆ ಪದಕ ಬಂತು. ವಾಪಸ್ ಬಂದಾಗ ಹುಡುಗ ಗಂಡಸಾಗಿದ್ದ. ಮುಂಡಾಸಿನ ಗಂಡಸಿಗೆ ಕಥೆ ಬರೆಯುವವರು ಅಲ್ಲಿ ಇರಲಿಲ್ಲ. 1947ರ 'ಬ್ಲ್ಯಾಕ್ ನಾರ್ಸಿಸ್ಸಸ್' ಒಂದು ಒಳ್ಳೆಯ ಪಾತ್ರ ಕೊಟ್ಟಿತು, ಅದೂ ಬ್ರಿಟಿಷ್ ಚಿತ್ರ. ಹಿಮಾಲಯದಲ್ಲಿ ನಡೆಯುವ ಆ ಕಥೆಯನ್ನು ತೆಗೆದದ್ದು ಇಂಗ್ಲೆಂಡಿನ ಸ್ಟುಡಿಯೋದಲ್ಲಿ. ಬೆಟ್ಟವೆಲ್ಲ ಬಣ್ಣದಲ್ಲಿ ಬರೆದದ್ದು. ಆಮೇಲೆ ಇಂಗ್ಲೆಂಡಿನಲ್ಲೇ ಸರ್ಕಸ್ಸಿನಲ್ಲಿ ಆನೆಗಳ ಜೊತೆ ಪ್ರದರ್ಶನವನ್ನೂ ಕೊಟ್ಟ.

ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜುಗೆ ಮೊದಲು ಯೋಚಿಸಿದ್ದು ಇವನನ್ನೇ. ಇಲ್ಲಿ ಕೆಲಸ ಮಾಡಲು ಪರವಾನಗಿ ಸಿಗಲಿಲ್ಲ. ಪಾತ್ರ ಸುನಿಲ್ ದತ್‌ಗೆ ಹೋಯಿತು. ಕಾರಾಪುರದಲ್ಲಿ ಹುಟ್ಟಿದವನಿಗೆ ಇಲ್ಲಿ ನಟಿಸಲು ಪರವಾನಗಿ! ಒಂದೇ ಒಂದು ಭಾರತೀಯ ಚಿತ್ರದಲ್ಲೂ ಅವನು ನಟಿಸಲಿಲ್ಲ. 1963ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತವಾಗಿ ಸತ್ತ. ವಯಸ್ಸು 39. ಹಾಲಿವುಡ್‌ನ ಆ ನಕ್ಷತ್ರದ ಫುಟ್‌ಪಾತ್‌ನಲ್ಲಿ ಅವನದೂ ಒಂದು ನಕ್ಷತ್ರ ಇದೆ. ಈ ಊರಿನಲ್ಲಿ ಅವನ ಹೆಸರಿನ ಒಂದು ರಸ್ತೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನು ನನ್ನ ಮಾತು ಸಾಕು. 'ಎಲಿಫೆಂಟ್ ಬಾಯ್'ನ ಒಂದು ತುಣುಕು ತಂದಿದ್ದೇನೆ. ಸ್ವಲ್ಪ ದೀಪ ಆರಿಸಿ. ಪ್ರಿಂಟ್ ಅಷ್ಟು ಚೆನ್ನಾಗಿಲ್ಲ, ಇಂಗ್ಲಿಷ್ ಅವನು ಹೊಸದಾಗಿ ಕಲಿತದ್ದು, ಒರಟಾಗಿದೆ. ಮಾತು ಹಿಡಿಯದಿದ್ದರೆ ಚಿಂತೆ ಮಾಡಬೇಡಿ. ಮುಖವನ್ನೂ ಆಮೇಲೆ ನೋಡಿ. ಐರಾವತನ ಕತ್ತಿನ ಮೇಲೆ ಕೂತಾಗ ಹುಡುಗನ ಪಾದ ನೋಡಿ, ಎರಡೂ ಕಿವಿಗಳ ಹಿಂದೆ. ಹೆಬ್ಬೆರಳು ಅಲ್ಲಾಡುತ್ತಾ ಇರುತ್ತೆ. ದಸರೆಗೆ ಬರುವ ಮಾವುತರನ್ನು ಹತ್ತಿರದಿಂದ ನೋಡಿದವರಿಗೆ ಆ ಕಾಲು ಗೊತ್ತು.